ಚಪ್ಪಲಿ ಇದ್ದವರ ಪಟ್ಟಿ

ಆ ಊರಿನಲ್ಲಿ ಮರವಿಲ್ಲ. ಒಂದು ಕಾಲದಲ್ಲಿ ಇತ್ತೋ ಇಲ್ಲವೋ ಹೇಳುವವರೂ ಇಲ್ಲ. ಬಿಸಿಲು ಮಾತ್ರ ಬೇಕಾದಷ್ಟಿದೆ, ಅದೂ ಪುಕ್ಕಟೆ. ನೆರಳು ಬೇಕೆಂದವರು ಸಾಲ ತರಬೇಕು.

ನೆರಳು ಸಾಲ ಕೊಡುವ ಮನೆಗೆ ಛತ್ರಿಮನೆ ಎಂದು ಹೆಸರು. ಯಾರು ಓದಲು ಕೂರುತ್ತಾರೋ ಅವರಿಗೆ ಛತ್ರಿಮನೆ ಒಂದು ಕರಿ ಛತ್ರಿ ಕೊಡುತ್ತದೆ. ಕೂತಿರುವ ತನಕ ಛತ್ರಿ ಅವರದೇ. ಓದು ಮುಗಿಸಿಯೋ ಬಿಟ್ಟೋ ಎದ್ದ ಮೇಲೆ ಆರು ಅಮಾವಾಸ್ಯೆ ಕಾಯುತ್ತಾರೆ. ಆರನೆಯ ಅಮಾವಾಸ್ಯೆಯ ಮರುದಿನ ಡಂಗುರದವನು ಮನೆ ಮುಂದೆ ಬಂದು ನಿಲ್ಲುತ್ತಾನೆ. ಅಂದಿನಿಂದ, ಎಷ್ಟು ದಿನ ಆ ನೆರಳಿನಲ್ಲಿ ನಡೆದಿದ್ದರೋ ಅಷ್ಟು ದಿನ, ಬೆಳಗಿನಿಂದ ಸಂಜೆಯ ತನಕ, ಅದೇ ಛತ್ರಿಯನ್ನು ಬೇರೆಯವರ ತಲೆಯ ಮೇಲೆ ಹಿಡಿದು ನಡೆಯಬೇಕು. ಹಿಡಿದವರು ಬಿಸಿಲಿನಲ್ಲಿ. ಊರಿಗೆ ಇದರಲ್ಲಿ ತಪ್ಪೇನೂ ಕಂಡಿಲ್ಲ, ನನಗೂ ಕಂಡಿಲ್ಲ. ತೊಂದರೆ ಇದ್ದದ್ದು ಯಾರು ಕೂತಿದ್ದಾರೆ, ಯಾರು ಎದ್ದಿದ್ದಾರೆ ಎಂದು ತಿಳಿಯುವುದರಲ್ಲಿ.

ಅದನ್ನು ತಿಳಿಸುವ ಕೆಲಸ ಓದಿನ ಮನೆಯದು. ಓದಿನ ಮನೆಯಲ್ಲಿ ಕಲಿಸುವುದು ಒಂದೇ ವಿದ್ಯೆ, ಮುರಿದ ಎಲುಬನ್ನು ಕೂಡಿಸುವುದು. ಕಲಿಯುವವರು ಮುನ್ನೂರು ಜನ. ಒಬ್ಬೊಬ್ಬರಿಗೂ ಹೆಸರು ಕೊರೆದ ಒಂದೊಂದು ಹರಳು. ಓದಿನ ಮನೆಯ ಜಗುಲಿಯ ಮೇಲೆ ನಾಲ್ಕು ಗಡಿಗೆ. ಮೊದಲನೆಯದು ಪೂರ್ತಿ ಕೂತವರದು. ಎರಡನೆಯದು ಅರ್ಧ ಕೂತವರದು. ಮೂರನೆಯದು ಮುಗಿಸಿದವರದು. ನಾಲ್ಕನೆಯದು ಎದ್ದು ಹೋದವರದು. ಪ್ರತಿ ಅಮಾವಾಸ್ಯೆ ಈ ನಾಲ್ಕು ಗಡಿಗೆಗಳನ್ನು ಕತ್ತೆಯ ಮೇಲೆ ಹೇರಿ ಛತ್ರಿಮನೆಗೆ ಕಳಿಸುತ್ತಾರೆ. ಅಲ್ಲಿಂದ ಮುಂದೆ ಯಾರ ಹರಳು ಯಾವ ಗಡಿಗೆಯಲ್ಲಿದೆಯೋ ಅವರು ಅದೇ. ಗಡಿಗೆ ಹೇಳಿದ ಮೇಲೆ ಮನುಷ್ಯ ಮಾತಾಡುವಂತಿಲ್ಲ, ಇದು ಆ ಊರಿನ ಕಟ್ಟಳೆ.

ಹರಳು ಹಾಕುವವನು ಪಟ್ಟಿಯವನು. ಒಳ್ಳೆಯವನು, ಕೆಲಸದಲ್ಲಿ ಬಲು ಕಟ್ಟುನಿಟ್ಟು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ರಜೆ ಹಾಕಿರಲಿಲ್ಲ. ಆದರೆ ಅವನು ಪಾಠದ ಕೋಣೆಯ ಹೊಸ್ತಿಲನ್ನು ಒಮ್ಮೆಯೂ ದಾಟಿರಲಿಲ್ಲ. ಯಾಕೆಂದರೆ ಅವನಿಗಿಂತ ಮೊದಲು ಇದ್ದ ಪಟ್ಟಿಯವನು ಒಂದು ದಿನ ತಲೆ ಎಣಿಸಲು ಒಳಗೆ ಹೋದವನು ಹೊರಗೆ ಬರಲೇ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅಲ್ಲಿ ಏನಾಯಿತು ಎಂದು ಯಾರೂ ಕೇಳಿರಲಿಲ್ಲ, ಕೇಳಲು ಒಳಗೆ ಹೋಗಬೇಕಿತ್ತಲ್ಲ. ಹಾಗಾಗಿ ಹೊಸ ಪಟ್ಟಿಯವನು ಬಂದ ಮೊದಲ ದಿನವೇ ಒಂದು ಉಪಾಯ ಕಂಡುಕೊಂಡ. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಾರೆ. ಚಪ್ಪಲಿ ಎಣಿಸಿದರಾಯಿತು.

ಜೋಡಿ ಇದ್ದರೆ ಪೂರ್ತಿ ಕೂತವರು. ಒಂದೇ ಇದ್ದರೆ ಅರ್ಧ ಕೂತವರು. ಒಂದೂ ಇಲ್ಲದಿದ್ದರೆ ಎದ್ದು ಹೋದವರು. ಅವನು ಒಂದು ದಪ್ಪ ಪುಸ್ತಕ ಮಾಡಿ ಪ್ರತಿಯೊಬ್ಬರ ಚಪ್ಪಲಿಯ ಗುರುತು ಬರೆದಿಟ್ಟ. ಮುಖದ ಗುರುತು ಬರೆಯಲು ಪುಸ್ತಕದಲ್ಲಿ ಜಾಗ ಉಳಿಯಲಿಲ್ಲ. ದಿನಾ ನಡುಹಗಲಿಗೆ ಒಳಗೆ ಪಾಠ ಶುರುವಾಗುತ್ತಿತ್ತು. ಕೈಗೆ ಇಪ್ಪತ್ತೇಳು, ಪಕ್ಕೆಗೆ ಇಪ್ಪತ್ತನಾಲ್ಕು ಎಂದು ಮುನ್ನೂರು ಗಂಟಲು ಎಲುಬಿನ ಲೆಕ್ಕ ಹೇಳುತ್ತಿದ್ದವು. ಹೊರಗೆ ಇವನು ಬಗ್ಗಿ ಬಗ್ಗಿ ಒಂದು ಜೋಡಿ, ಎರಡು ಜೋಡಿ ಎನ್ನುತ್ತಿದ್ದ. ಒಳಗಿನವರು ಪಾದಕ್ಕೆ ಬರುವಷ್ಟರಲ್ಲಿ ಇವನ ಎಣಿಕೆ ಜೋರಾಗಿರುತ್ತಿತ್ತು, ಪಾದದ ಲೆಕ್ಕ ಇವನ ಕಿವಿಗೆ ಬೀಳುತ್ತಿರಲಿಲ್ಲ.

ಸಾಲಿನ ತುದಿಯಲ್ಲಿ ಒಂದು ಜೋಡಿ ಇತ್ತು. ಪಟ್ಟಿಯವನು ಕೆಲಸಕ್ಕೆ ಬಂದ ದಿನ ಎಲ್ಲಿತ್ತೋ ಈಗಲೂ ಅಲ್ಲೇ. ಸಂಜೆ ಎಲ್ಲರೂ ಹೋದ ಮೇಲೂ ಅದು ಹೋಗುತ್ತಿರಲಿಲ್ಲ. ಅಂಥ ಹಾಜರಿ ಯಾರಿಗೂ ಇರಲಿಲ್ಲ. ಪುಸ್ತಕದಲ್ಲಿ ಅದರ ಮುಂದೆ 'ಹೆಸರು ಗೊತ್ತಿಲ್ಲ, ಶ್ರದ್ಧೆ ಬಹಳ' ಎಂದು ಬರೆದಿತ್ತು. ವರ್ಷಕ್ಕೊಮ್ಮೆ ಅತ್ಯುತ್ತಮ ಹಾಜರಿಯ ಬಹುಮಾನ ಆ ಚಪ್ಪಲಿಗೇ. ಓದಿನ ಮನೆಯ ಹಿರಿಯರು ಸ್ವತಃ ಬಂದು ಅದಕ್ಕೆ ಹಾರ ಹಾಕಿ, ಉಳಿದವರಿಗೆ ಇದನ್ನು ನೋಡಿ ಕಲಿಯಿರಿ ಎಂದು ಹೇಳಿ ಹೋಗುತ್ತಿದ್ದರು.

ಕಲಿಯುವವರಲ್ಲಿ ಬೀಸುವವಳು ಒಬ್ಬಳು. ಬೆಳಗಿನ ಜಾವ ಹತ್ತು ಮನೆಯ ಜೋಳ ಬೀಸಿ, ತಲೆಯ ಮೇಲಿನ ಹಿಟ್ಟು ಕೊಡವಿಕೊಂಡು, ಎರಡು ಹರದಾರಿ ನಡೆದು ಪಾಠಕ್ಕೆ ಬರುವವಳು. ಅವಳ ಎಡಗೈಯ ಮಣಿಕಟ್ಟು ಸೊಟ್ಟ. ಏಳು ವರ್ಷದವಳಿದ್ದಾಗ ಬಿದ್ದು ಮುರಿದಿತ್ತು, ಅವಳ ಕೇರಿಯಲ್ಲಿ ಕೂಡಿಸುವವರು ಯಾರೂ ಇರಲಿಲ್ಲ. ಈಗಲೂ ಇಲ್ಲ. ಅವಳ ಕೇರಿಯಲ್ಲಿ ನೇರ ನಡೆಯುವವರನ್ನು ಬೆರಳಲ್ಲಿ ಎಣಿಸಬಹುದು. ಅದಕ್ಕೇ ನಲವತ್ತು ದಾಟಿದ ಮೇಲೆ ಅವಳು ಛತ್ರಿ ಸಾಲ ತಂದು ಓದಲು ಕೂತಿದ್ದಳು. ನಾಲ್ಕನೆಯ ವರ್ಷ, ಇನ್ನೊಂದು ಪರೀಕ್ಷೆ ಬಾಕಿ.

ಆಗ ನಾಯಿ ಬಂತು.

ಕಂದು ಬಣ್ಣದ ನಾಯಿ, ಮರಿ ಹಾಕಿ ವಾರವಾಗಿತ್ತು. ಮರಿಗಳಿಗೆ ಹಲ್ಲು ಮೂಡುವ ಕಾಲಕ್ಕೆ ಕಡಿಯಲು ಏನಾದರೂ ಬೇಕೆಂದು ಮುಂಚೆಯೇ ಹುಡುಕುತ್ತಿತ್ತೋ ಏನೋ, ಓದಿನ ಮನೆಯ ಮುಂದೆ ಮೂಸಿ ಮೂಸಿ ಒಂದನ್ನು ಆರಿಸಿಕೊಂಡಿತು. ಬೀಸುವವಳ ಎಡ ಚಪ್ಪಲಿ. ಜೋಳದ ಹಿಟ್ಟಿನ ವಾಸನೆ ಅದಕ್ಕೆ ಹಿಡಿಸಿರಬೇಕು.

ಅಂದಿನ ಎಣಿಕೆಯಲ್ಲಿ ಬೀಸುವವಳು ಅರ್ಧ ಕೂತಳು. ಅಮಾವಾಸ್ಯೆಯ ಮರುದಿನ ಛತ್ರಿಮನೆಯ ಕತ್ತರಿಯವನು ಅವಳ ಮನೆಗೆ ಬಂದ. ನಮಸ್ಕಾರ ಮಾಡಿದ, ನೀರು ಕೇಳಿ ಕುಡಿದ, ಆಮೇಲೆ ಅವಳ ಛತ್ರಿ ಬಿಚ್ಚಿ ನಡುವೆ ಅಳತೆ ಮಾಡಿ ಅರ್ಧ ಬಟ್ಟೆ ಕತ್ತರಿಸಿಕೊಂಡು ಹೋದ. ಅರ್ಧ ಕೂತವರಿಗೆ ಅರ್ಧ ನೆರಳು. ಬೀಸುವವಳು ಹೋಗುವಾಗ ಬಟ್ಟೆಯನ್ನು ಬಲಕ್ಕೆ, ಬರುವಾಗ ಎಡಕ್ಕೆ ತಿರುಗಿಸಿ ಹಿಡಿದು, ಏಡಿಯಂತೆ ಓರೆಯಾಗಿ ನಡೆದು ಪಾಠಕ್ಕೆ ಬಂದಳು. ಮಿಕ್ಕ ಬಲ ಚಪ್ಪಲಿಯನ್ನು ಬಾಗಿಲ ಮುಂದೆ ಜೋಪಾನವಾಗಿ ಇಟ್ಟಳು. ನಾಯಿ ಅದನ್ನೂ ಒಯ್ದಿತು.

ಮುಂದಿನ ಅಮಾವಾಸ್ಯೆ ಅವಳ ಹರಳು ನಾಲ್ಕನೆಯ ಗಡಿಗೆಗೆ ಬಿತ್ತು. ಎದ್ದು ಹೋದವಳು. ಅಂದಿನಿಂದ ಆರು ಅಮಾವಾಸ್ಯೆ ಎಣಿಸಿದರೆ ಡಂಗುರ. ಪರೀಕ್ಷೆ ಇದ್ದದ್ದು ಏಳನೆಯ ಅಮಾವಾಸ್ಯೆಯ ಮರುದಿನ. ಡಂಗುರ ಬಿದ್ದರೆ ಬೆಳಗಿನಿಂದ ಸಂಜೆಯ ತನಕ ಛತ್ರಿ ಹಿಡಿದು ಬೀದಿಯಲ್ಲಿರಬೇಕು. ಪರೀಕ್ಷೆಗೆ ಹೋಗುವವರು ಯಾರು?

ಬೀಸುವವಳು ಪಟ್ಟಿಯವನ ಕಿಟಕಿಗೆ ಬಂದು ನಿಂತಳು.

"ಅಣ್ಣಾರ, ನಾ ಎದ್ದು ಹೋಗಿಲ್ಲರೀ. ದಿನಾ ಬರಾಕತ್ತೀನಿ" ಎಂದಳು.

"ಚಪ್ಪಲಿ ಎಲ್ಲಿ ಅದಾವ?" ಎಂದು ಪಟ್ಟಿಯವನು ಕೇಳಿದ.

"ನಾಯಿ ಒಯ್ತುರೀ."

"ನಾಯಿ ಒಯ್ಯೂದು ಬ್ಯಾರೆ ಮಾತು ತಂಗಿ. ಚಪ್ಪಲಿ ಇಲ್ಲಂದ್ರ ನೀನಿಲ್ಲ."

"ನಿಮ್ಮ ಮುಂದನ ನಿಂತೀನಲ್ರೀ."

"ನಿಂತೀದಿ. ಯಾರು ಇಲ್ಲಂದ್ರು? ಆದ್ರ ನಿಂತವರಿಗೆ ಗಡಿಗಿ ಇಲ್ಲ. ಕುಂತವರಿಗೆ ಐತಿ."

ಅವಳು ಅಲ್ಲೇ ನೆಲದ ಮೇಲೆ ಕೂತಳು. ಪಟ್ಟಿಯವನು ಕಿಟಕಿಯಿಂದ ಬಗ್ಗಿ ನೋಡಿ, "ಇಲ್ಲಿ ಅಲ್ಲವ್ವ" ಎಂದ.

"ಹೊಸಾವು ಹೊಲಿಸಿಕೊಂಡು ಬರ್ಲೇನ್ರೀ?"

ಅವನು ದಪ್ಪ ಪುಸ್ತಕ ತೆರೆದು ಬೆರಳಿಟ್ಟು ಓದಿದ. "ಕೆಂಪು ಅಂಚು. ಎಡ ಹಿಮ್ಮಡ ಸವದೈತಿ. ಹಿಟ್ಟಿನ ವಾಸನಿ. ಇದು ನೀನು. ಹೊಸಾ ಚಪ್ಪಲಿ ಬಂದ್ರ ಹೊಸಾ ವಿದ್ಯಾರ್ಥಿ ಬಂದಂಗ. ಒಂದನೇ ವರ್ಷದಿಂದ ಕುಂದರಬೇಕಾಗ್ತೈತಿ." ಅವಳ ಮುಖ ಸಣ್ಣದಾದದ್ದು ಕಂಡು ಅವನಿಗೂ ಕೆಡುಕೆನಿಸಿತು. "ನಾ ಏನ್ ಮಾಡ್ಲಿ ತಂಗಿ, ಹರಳು ನನ್ನ ಕೈ ಬಿಟ್ಟು ಹೋಗೇತಿ. ಛತ್ರಿಮನ್ಯಾಗ ಕೇಳು" ಎಂದು, ಅವಳಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದ.

ಛತ್ರಿಮನೆಯ ಯಜಮಾನನು ಸಾವಿರ ಛತ್ರಿ ತೂಗಿದ ಕತ್ತಲ ಕೋಣೆಯಲ್ಲಿ ಕೂತಿದ್ದ. ಎಲ್ಲ ಕೇಳಿಸಿಕೊಂಡು, "ನಾವು ಗಡಿಗಿ ಬಿಟ್ರ ಬ್ಯಾರೆ ಏನೂ ನೋಡಂಗಿಲ್ಲವ್ವ" ಎಂದ.

"ಗಡಿಗಿ ತಪ್ಪಿದ್ರ?"

"ಗಡಿಗಿ ಹೆಂಗ ತಪ್ತಾವು? ಮಣ್ಣಿನವು ಅವು." ಆದರೂ ಅವನು ತಕರಾರಿನ ಹಲಗೆ ಎಳೆದು ಬಳಪ ಕೈಗೆ ತೆಗೆದುಕೊಂಡ. "ಎದ್ದು ಹೋಗಿಲ್ಲ ಅಂತ ತಕರಾರು. ಬರಕೊಂಡೆ. ಎದ್ದು ಹೋದ ದಿನ ಯಾವುದು?"

"ಹೋಗೇ ಇಲ್ಲಲ್ರೀ."

"ಅದಾತು. ಹೋದ ದಿನ ಹೇಳದಿದ್ರ ಹೋಗಿಲ್ಲ ಅನ್ನೂದನ್ನ ತಗೊಳ್ಳಾಕ ಬರಂಗಿಲ್ಲ. ಓದಿನ ಮನ್ಯಾಗ ಕೇಳಿಕೊಂಡು ಬಾ."

ಹೀಗೆ ಅವಳು ಐದು ಅಮಾವಾಸ್ಯೆ ಓಡಾಡಿದಳು. ಬೆಳಗ್ಗೆ ಬೀಸುವುದು, ನಡುಹಗಲು ಪಾಠ, ಸಂಜೆ ಒಂದು ದಿನ ಈ ಕಿಟಕಿ, ಒಂದು ದಿನ ಆ ಕೋಣೆ. ಕಾಲಲ್ಲಿ ಬೊಬ್ಬೆ ಎದ್ದು ಒಡೆದು ಮತ್ತೆ ಎದ್ದವು. ಕೇರಿಯವರು, ಸಾಕು ಬಿಡವ್ವ, ಎದ್ದು ಹೋದೆ ಅಂತ ಅವರೇ ಹೇಳಿದ ಮೇಲೆ ಎದ್ದು ಬಂದುಬಿಡು ಎಂದರು. ಬೀಸುವವಳಿಗೆ ಸಿಟ್ಟು ಬಂತು. ಸೊಟ್ಟ ಕೈ ಮೇಲೆತ್ತಿ ತೋರಿಸಿ ಪಾಠಕ್ಕೆ ಹೋದಳು.

ಆರನೆಯ ಅಮಾವಾಸ್ಯೆಗೆ ಒಂದು ದಿನ ಇರುವಾಗ ದೊಡ್ಡೂರಿನಿಂದ ತಪಾಸಣೆಯಾಕೆ ಬರುತ್ತಾಳೆಂದು ಸುದ್ದಿ ಬಂತು. ಗಡಿಗೆಗಳು ನಿಜ ಹೇಳುತ್ತವೆಯೋ ಇಲ್ಲವೋ ನೋಡುವುದು ಆಕೆಯ ಕೆಲಸ. ತಪ್ಪು ಕಂಡರೆ ಓದಿನ ಮನೆಯ ಯಾರಿಗೂ ಇನ್ನು ಮುಂದೆ ಛತ್ರಿ ಇಲ್ಲ. ಹಿರಿಯರು ನಡುಗಿಹೋದರು. ಗೋಡೆಗೆ ಸುಣ್ಣ ಬಳಿಸಿದರು, ಗಡಿಗೆಗೆ ಕೆಮ್ಮಣ್ಣು ಹಚ್ಚಿಸಿದರು, ಕತ್ತೆಗೆ ಸ್ನಾನ ಮಾಡಿಸಿದರು. ಮರುದಿನ ಎಲ್ಲರೂ ಒಳಗೆ ಹೋದ ಕೂಡಲೇ ಪಟ್ಟಿಯವನು ಚಪ್ಪಲಿಗಳನ್ನು ನೂಲು ಹಿಡಿದು ಸಾಲು ಜೋಡಿಸಿ, ಒಂದೊಂದನ್ನೂ ಎಣ್ಣೆ ಬಟ್ಟೆಯಿಂದ ಒರೆಸಿದ. ಅಷ್ಟು ಅಚ್ಚುಕಟ್ಟಾಗಿ ಅವು ಹಿಂದೆಂದೂ ಹೊಳೆದಿರಲಿಲ್ಲ. ಅವುಗಳಿಂದ ಅಷ್ಟು ರುಚಿಯಾದ ವಾಸನೆಯೂ ಹಿಂದೆಂದೂ ಬಂದಿರಲಿಲ್ಲ.

ನಾಯಿಯ ಮರಿಗಳು ಆಗ ಏಳು ತಿಂಗಳು ದಾಟಿದ್ದವು. ಏಳು ಇದ್ದವು.

ಪಟ್ಟಿಯವನು ಹಿರಿಯರ ಜೊತೆ ಊರ ಬಾಗಿಲ ತನಕ ಹೋಗಿ ತಪಾಸಣೆಯಾಕೆಯನ್ನು ಕರೆತರುವಷ್ಟು ಹೊತ್ತು ಅವಕ್ಕೆ ಸಾಕಾಯಿತು. ತಿರುಗಿ ಬಂದು ನೋಡಿದರೆ ಬಾಗಿಲ ಮುಂದೆ ಬರಿ ನೆಲ. ತುದಿಯಲ್ಲಿ ಹನ್ನೊಂದು ವರ್ಷದ ಆ ಒಣಕಲು ಜೋಡಿಯೊಂದೇ ಉಳಿದಿತ್ತು, ಹಾರದ ಸಮೇತ.

ತಪಾಸಣೆಯಾಕೆ ವಯಸ್ಸಾದವಳು, ಊರುಗೋಲು ಹಿಡಿದಿದ್ದಳು. "ಎಷ್ಟು ಜನ ಓದಾಕತ್ತಾರಪಾ?" ಎಂದು ಕೇಳಿದಳು.

ಪಟ್ಟಿಯವನು ಬರಿ ನೆಲವನ್ನೊಮ್ಮೆ, ಆ ಜೋಡಿಯನ್ನೊಮ್ಮೆ ನೋಡಿದ. ಆದರೆ ಸುಳ್ಳು ಹೇಳಿ ಅವನಿಗೆ ಗೊತ್ತಿರಲಿಲ್ಲ. "ಒಬ್ಬರು ರೀ" ಎಂದ.

ಒಳಗೆ ಮುನ್ನೂರು ಗಂಟಲು ಕೈಗೆ ಇಪ್ಪತ್ತೇಳು ಎಂದವು. ಸುಣ್ಣದ ಗೋಡೆ ಅದುರಿತು.

"ಮತ್ತ ಇವರ‍್ಯಾರು?"

"ಎದ್ದು ಹೋದವರು ರೀ."

"ಎದ್ದು ಹೋದವರು ಇಷ್ಟು ಜೋರು ಒದರ್ತಾರೇನು?"

ಪಟ್ಟಿಯವನು ಹಿರಿಯರ ಮುಖ ನೋಡಿದ. ಹಿರಿಯರು ಕತ್ತೆಯ ಮುಖ ನೋಡುತ್ತಿದ್ದರು.

ತಪಾಸಣೆಯಾಕೆ ಜಗುಲಿಯ ಮೆಟ್ಟಿಲ ಮೇಲೆ ಕುಸಿದು ಕೂತು, ತನ್ನ ಚಪ್ಪಲಿ ಕಳಚಿ ಕಾಲು ನೀವಿಕೊಂಡಳು. "ನನಗ ಏಳಾಕ ಆಗಂಗಿಲ್ಲ. ನೀನ ಒಳಗ ಹೋಗು. ಕಣ್ಣಿಲೆ ನೋಡಿ ಬಂದು ಹೇಳು."

"ಒಳಗ?" ಎಂದ ಪಟ್ಟಿಯವನು. "ಒಳಗ ಹೋದವರು ಹೊರಗ ಬಂದಿಲ್ಲರೀ."

"ನೀ ಹೋಗು. ಬರಲಿಲ್ಲಂದ್ರ ಅದನ್ನೂ ಬರಕೋತೀನಿ."

ಪಟ್ಟಿಯವನು ತನ್ನ ಚಪ್ಪಲಿ ಕಳಚಿದ. ಹನ್ನೊಂದು ವರ್ಷ ಬೇರೆಯವರ ಚಪ್ಪಲಿ ನೋಡಿದವನು ತನ್ನದನ್ನು ಅಂದು ಮೊದಲ ಸಲ ಬಾಗಿಲ ಮುಂದೆ ಬಿಟ್ಟ. ಕಣ್ಣು ಮುಚ್ಚಿ ಹೊಸ್ತಿಲು ದಾಟಿದ.

ಒಳಗೆ ಸದ್ದು ನಿಂತಿತು. ಅವನು ಕಣ್ಣು ತೆರೆದ. ಮುನ್ನೂರು ಮುಖ ಅವನನ್ನು ನೋಡುತ್ತಿದ್ದವು. ಅವನಿಗೆ ಒಂದೂ ಗುರುತು ಸಿಗಲಿಲ್ಲ. ಕೆಂಪು ಅಂಚು ಯಾರು, ಮೊಳೆ ಹೊಡೆದದ್ದು ಯಾರು, ಹಗ್ಗದ ಬಾರಿನವರು ಯಾರು, ಏನೂ ತಿಳಿಯಲಿಲ್ಲ. ಎದುರಿಗೆ ಎಲುಬಿನ ಗುರು ಕೂತಿದ್ದರು. ಗುರುವಿಗೆ ಕಣ್ಣು ಮಂದ. ಯಾರೋ ಹೊಸಬರು ಬಂದರೆಂದು ತಿಳಿದು ವಾಡಿಕೆಯಂತೆ ಪ್ರಶ್ನೆ ಕೇಳಿದರು.

"ಒಂದು ಪಾದದಾಗ ಎಲುಬು ಎಷ್ಟಪಾ?"

ಪಟ್ಟಿಯವನು ಇಷ್ಟು ವರ್ಷ ಪಾದದ ಕೆಳಗಿನದನ್ನೇ ಎಣಿಸಿದ್ದ.

"ಹೆದರಬ್ಯಾಡ" ಎಂದರು ಗುರು. "ಹನ್ನೊಂದು ವರ್ಷದ ಹಿಂದ ಒಬ್ಬಾವ ಹಿಂಗ ಬಂದಿದ್ದ, ತಲಿ ಎಣಸಾಕ. ಇದನ್ನ ಕೇಳಿದೆ. ಉತ್ತರ ಬರಲಿಲ್ಲ ಅಂತ ನಾಚಿ ಆ ಕಿಡಕ್ಯಾಗಿಂದ ಜಿಗದು ಓಡಿ ಹೋದ. ಚಪ್ಪಲಿ ಸಹಿತ ಬಿಟ್ಟು ಹೋದ ಪಾಪ."

ಪಟ್ಟಿಯವನಿಗೆ ಹೊರಗಿನ ಆ ಜೋಡಿ ನೆನಪಾಯಿತು. ಅದರ ಮೇಲಿನ ಹನ್ನೊಂದು ಹಾರಗಳೂ ನೆನಪಾದವು. ಅವನ ಕಣ್ಣು ಕಿಟಕಿಯ ಕಡೆ ಹೊರಳಿತು. ಇನ್ನೇನು ಜಿಗಿಯುತ್ತಿದ್ದ, ಅಷ್ಟರಲ್ಲಿ ಕೆಳಗಿನಿಂದ ಯಾರೋ ಮೆಲ್ಲಗೆ ಹೇಳಿದರು.

"ಇಪ್ಪತ್ತಾರು ಅನ್ರೀ ಅಣ್ಣಾರ."

ಕಿಟಕಿಯಲ್ಲಿ ಕೇಳಿ ಕೇಳಿ ಗುರುತಾಗಿದ್ದ ದನಿ. ಮುಂದಿನ ಸಾಲಿನಲ್ಲಿ ಬೀಸುವವಳು ಕೂತಿದ್ದಳು. ಅವಳ ಕೆಳಗಿನ ಚಾಪೆ ಅವಳು ಕೂತ ಅಳತೆಗೆ ಸವೆದು ನೂಲು ಬಿಟ್ಟಿತ್ತು. ನಾಲ್ಕು ವರ್ಷ ಒಂದೇ ಜಾಗದಲ್ಲಿ ಕೂತರೆ ಮಾತ್ರ ಹಾಗೆ ಸವೆಯುತ್ತದೆ. ಚಾಪೆಯ ಆಚೆ ಅವಳ ಪಾದಗಳಿದ್ದವು, ಸುಟ್ಟು ಕಪ್ಪಾಗಿ, ಸಿಪ್ಪೆ ಎದ್ದು. ಪಟ್ಟಿಯವನು ಎಣಿಸಲಿಲ್ಲ. ಸುಮ್ಮನೆ ನೋಡಿದ. ನೋಡುತ್ತ ನೋಡುತ್ತ ಅವನಿಗೆ ಅಳು ಬಂತು.

"ಇಪ್ಪತ್ತಾರು" ಎಂದ.

"ಛಲೋ ಆತು. ಕುಂದರು" ಎಂದರು ಗುರು.

ಅವನು ಕೂರಲಿಲ್ಲ. ಪುಸ್ತಕ ತೆರೆದು, ಕೆಂಪು ಅಂಚು, ಎಡ ಹಿಮ್ಮಡ ಸವೆದದ್ದು ಎಂದಿದ್ದನ್ನು ಹೊಡೆದು ಹಾಕಿ, ಅದರ ಕೆಳಗೆ ಒಂದೇ ಪದ ಬರೆದ. ಕಂಡೆ. ಆಮೇಲೆ ಒಬ್ಬೊಬ್ಬರ ಮುಂದೆಯೂ ನಿಂತು, ಹೆಸರು ಕೇಳಿ, ಮುಖ ನೋಡಿ, ಅದನ್ನೇ ಬರೆದ. ಸಂಜೆಯಾಯಿತು. ಹೊರಗೆ ಬಂದಾಗ ಅವನ ಚಪ್ಪಲಿ ಇರಲಿಲ್ಲ. ತಪಾಸಣೆಯಾಕೆಯದೂ ಒಂದೇ ಉಳಿದಿತ್ತು.

ಬರಿಗಾಲಿನಲ್ಲೇ ಅವನು ಛತ್ರಿಮನೆಗೆ ಓಡಿದ. ಬೀಸುವವಳ ಹರಳು ಕೊಡಿ ಎಂದ.

"ಯಾವ ಗಡಿಗಿಯಿಂದ ಯಾವ ಗಡಿಗಿಗೆ?" ಎಂದು ಯಜಮಾನ ಕೇಳಿದ.

"ಗಡಿಗಿ ಇರ್ಲಿ. ಆಕಿ ಕುಂತಿದ್ದನ್ನ ನಾ ಕಂಡೀನಿ."

"ಕಂಡ ದಿನ?"

"ಇವತ್ತ."

ಯಜಮಾನ ಬಳಪ ಹಿಡಿದು ಹಲಗೆ ಎಳೆದುಕೊಂಡ. ತಕರಾರಿನ ಹಲಗೆಯಲ್ಲಿ ದಿನ ಬರೆಯುವ ಜಾಗ ಖಾಲಿ ಇತ್ತು. ದಿನವೂ ಸಿಕ್ಕಿತ್ತು. ಬೇಡವೆನ್ನಲು ಅವನಿಗೆ ಕಾರಣ ಹೊಳೆಯಲಿಲ್ಲ. ಹರಳು ಮೊದಲನೆಯ ಗಡಿಗೆಗೆ ಬಿತ್ತು. ಮರುದಿನದ ಡಂಗುರ ಬೀಳಲಿಲ್ಲ. ಕತ್ತರಿಯವನು ಸೂಜಿ ಹಿಡಿದು ಬಂದು, ನೀರು ಕೇಳಿ ಕುಡಿದು, ಕತ್ತರಿಸಿದ ಅರ್ಧವನ್ನು ಮತ್ತೆ ಹೊಲಿದು ಕೊಟ್ಟುಹೋದ. ತಪ್ಪು ತಾವೇ ತಿದ್ದಿಕೊಂಡರೆಂದು ತಪಾಸಣೆಯಾಕೆ ಯಾರ ಛತ್ರಿಯನ್ನೂ ನಿಲ್ಲಿಸದೆ, ಎರಡು ಸಾಲು ಬರೆದಿಟ್ಟು ಹೋದಳು. ಪಟ್ಟಿಯವನು ದಿನಾ ಒಳಗೆ ಹೋಗಿ ಮುಖ ನೋಡತಕ್ಕದ್ದು. ನಾಯಿಗೆ ಬೇರೆ ಏನಾದರೂ ಕೊಡತಕ್ಕದ್ದು. ನಾಯಿಯ ಗೂಡು ಛತ್ರಿಮನೆಯ ಮೆಟ್ಟಿಲ ಕೆಳಗೇ ಇತ್ತು. ಚಪ್ಪಲಿಗಳೆಲ್ಲ ಅಲ್ಲೇ ಸಿಕ್ಕವು, ಬೀಸುವವಳ ಜೋಡಿಯೂ, ಅಂಚು ಕಡಿದು.

ಬೀಸುವವಳು ಪರೀಕ್ಷೆಗೆ ಕೂತಳು, ಮುಗಿಸಿದಳು. ಆರು ಅಮಾವಾಸ್ಯೆ ಕಳೆದ ಮರುದಿನ, ಡಂಗುರದವನು ಮನೆಗೆ ಬರುವ ಮೊದಲೇ ಛತ್ರಿ ಹಿಡಿದು ತಾನೇ ಛತ್ರಿಮನೆಯ ಮುಂದೆ ಬಂದು ನಿಂತಳು. ಪಡೆದದ್ದನ್ನು ಹಿಂದಿರುಗಿಸಲು ಅವಳಿಗೆ ಯಾವ ಸಂಕಟವೂ ಇರಲಿಲ್ಲ. ಮೊದಲ ದಿನ ಅವಳು ನೆರಳು ಹಿಡಿಯಬೇಕಾದದ್ದು ಪಟ್ಟಿಯವನಿಗೆ. ಅವನು ಹಿಂದಿನ ದಿನ ಗಡಿಗೆಗಳನ್ನು ಒಪ್ಪಿಸಿ ಈಗ ಹಿಂದಿರುಗುತ್ತಿದ್ದ. ಅವರ ಹಿಂದೆ ಛತ್ರಿಮನೆಯ ಬರೆಯುವವನು, ಯಾರು ಹಿಡಿದರು, ಯಾರು ನೆರಳಲ್ಲಿದ್ದರು ಎಂದು ಬರೆದುಕೊಳ್ಳಲು.

ನೂರು ಹೆಜ್ಜೆ ಹೋಗಿರಲಿಲ್ಲ. ಎದುರಿಗೆ ಬರುತ್ತಿದ್ದ ಡಂಗುರದವನ ಕಾಲಿಗೆ ಕಂದು ನಾಯಿ ಅಡ್ಡ ಬಂತು. ಅವನು ಡಂಗುರದ ಸಮೇತ ಬಿದ್ದ. ಪಾದ ತಿರುಗಿ ಹಿಂದಕ್ಕೆ ನಿಂತಿತು. "ಯವ್ವಾ ಸತ್ತೆ" ಎಂದು ಅವನು ಮಣ್ಣಿನಲ್ಲಿ ಹೊರಳಾಡಿದ.

ಬೀಸುವವಳು ಒಂದು ಕ್ಷಣ ಕೈಯಲ್ಲಿದ್ದ ಛತ್ರಿ ನೋಡಿದಳು. ಅದನ್ನು ಪಟ್ಟಿಯವನ ಕೈಗೆ ಕೊಟ್ಟು, ಡಂಗುರದವನ ಮುಂದೆ ಮೊಣಕಾಲೂರಿ ಕೂತು ಪಾದವನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಇಪ್ಪತ್ತಾರು ಅದಾವಣ್ಣ. ಕೆಟ್ಟದ್ದು ಎರಡ. ಹಲ್ಲು ಕಡಿದು ಹಿಡಿ" ಎಂದಳು.

ಪಟ್ಟಿಯವನು ಛತ್ರಿ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದ. ಹೊಲಿಗೆ ಹಾಕಿದ ಕಡೆ ಬಿಸಿಲು ತೂರುತ್ತಿತ್ತು, ಅದನ್ನು ತನ್ನ ಕಡೆ ತಿರುಗಿಸಿಕೊಂಡ.

ಬರೆಯುವವನು ದೂರದಲ್ಲೇ ತಬ್ಬಿಬ್ಬಾಗಿ ನಿಂತ. "ಅಲ್ರೀ, ಹಿಡದವರು ಯಾರು, ನೆರಳಾಗ ಇದ್ದವರು ಯಾರು? ಇದಕ್ಕ ನಾ ಏನಂತ ಬರೀಲಿ?"

"ಹತ್ತಿರ ಬಂದು ನೋಡು" ಎಂದ ಪಟ್ಟಿಯವನು. "ಕಂಡದ್ದನ್ನ ಬರಿ."

ಬರೆಯುವವನು ಚಪ್ಪಲಿ ಕಳಚಿ ಬದಿಗಿಟ್ಟು, ಕಾದ ನೆಲದ ಮೇಲೆ ಕುಣಿಯುತ್ತ ಕುಣಿಯುತ್ತ ಹತ್ತಿರ ಬಂದು ನೋಡಿದ.